ಅಪ್‌ಡೇಟ್: ಮಾವಿನ ನೆರಳಲ್ಲಿ ತೆನೆ ಬಿಡದ ಫೌಂಟನ್ ಗ್ರಾಸ್
ಮಾವಿನ ಮರದಡಿ ಫೌಂಟನ್ ಗ್ರಾಸ್ ಎಂಬ ಅಲಂಕಾರಿಕ ಹುಲ್ಲು ಜೋತು ಬೀಳುತ್ತಿದೆ, ತೆನೆಯೇ ಇಲ್ಲ ಅಂತ ಕೇಳಿದ್ದೆನಲ್ಲ, ಈಗ ಬಗೆಹರಿದಿದೆ. ಯೂರಿಯಾ ಹಾಕಿದ್ದು ಫಲಿಸಲಿಲ್ಲ. ಅದರ ಸಾರಜನಕಕ್ಕೆ ಎಲೆ ಇನ್ನಷ್ಟು ಉದ್ದವಾಗಿ ಬಾಗಿತು. ಜಾಗ ಬದಲಿಸಿ ಎಂದವರ ಮಾತೇ ಸರಿ. ಬುಡದಿಂದ 15 ಸೆಂ.ಮೀ. ಬಿಟ್ಟು ಕತ್ತರಿಸಿ, ಬೇರಿನ ಮಣ್ಣುಸಮೇತ ಕಿತ್ತು, ದಿನಕ್ಕೆ 6 ಗಂಟೆ ಬಿಸಿಲು ಬೀಳುವಲ್ಲಿ ನೆಟ್ಟೆ. ಹೊಸ ಚಿಗುರಲ್ಲಿ ತೆನೆ ಹೊರಟಿದೆ, ನೋಡಲು ಬಲು ಚೆಂದ!

ಮರದಡಿಗೆ ಈಗ ಹುಲ್ಲಿನಂತೆ ಕಾಣುವ ಲಿರಿಯೋಪ್ ಗಿಡ, 25 ಸೆಂ.ಮೀ. ಅಂತರದಲ್ಲಿ. ಅಚ್ಚರಿಯೆಂದರೆ ಅದು ಹುಲ್ಲೇ ಅಲ್ಲ, ಶತಾವರಿ ಕುಟುಂಬದ್ದು. ಅರೆನೆರಳಲ್ಲೂ ನೇರಳೆ ಹೂ ಬಿಡುತ್ತದೆ. ಗಾಢ ನೆರಳಲ್ಲಿ ಹೂ ಕಡಿಮೆ. ನೆಡುವಾಗ ಎಲೆ ಹೊರಡುವ ಬುಡ ಮಣ್ಣಿನ ಮಟ್ಟದಲ್ಲೇ ಇರಲಿ, ಹೂತರೆ ಕೊಳೆಯುತ್ತದೆ. ಮಾವಿನ ಬೇರು ತೇವ ಹೀರುವುದರಿಂದ ಮೊದಲ ಬೇಸಿಗೆಯಲ್ಲಿ ನೀರು ತಪ್ಪಿಸಬೇಡಿ.