ಕರು ಹಾಕಿ ನಾಲ್ಕು ತಿಂಗಳಾದರೂ ಗಬ್ಬ ನಿಲ್ಲದ ಹಸು: ಕಾರಣವನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ: ಚಿಂತಾಮಣಿ ಕಡೆಯ ಹೈನುಗಾರ

ಎಲ್ಲರಿಗೂ ನಮಸ್ಕಾರ. ನಮ್ಮ ಎಚ್‌.ಎಫ್‌. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು ನಾಲ್ಕನೇ ಸೂಲಿನಲ್ಲಿದ್ದು, ಕರು ಹಾಕಿ ನಾಲ್ಕು ತಿಂಗಳಾಗುತ್ತ ಬಂದರೂ ಗಬ್ಬ ನಿಂತಿಲ್ಲ. ಹಿಂದಿನ ಸೂಲಿನಲ್ಲಿಯೂ ಗಬ್ಬ ಕಟ್ಟುವುದು ತಡವಾದ್ದರಿಂದ ಹಾಲು ಬತ್ತಿದ ಮೇಲೆ ಅದು ಬಹುಕಾಲ ಸುಮ್ಮನೆ ನಿಂತಿತ್ತು. ಮುಂದಿನ ಹಾಲಿಗೆ ಅನುಕೂಲವಾಗಲೆಂದು ಆ ಅವಧಿಯಲ್ಲಿಯೂ ಹಿಂಡಿ, ಬೂಸಾ ಕಡಿಮೆ ಮಾಡಲಿಲ್ಲ. ಹಸು ಮೈತುಂಬಿಕೊಂಡು ನೋಡಲು ಬಹಳ ಚೆನ್ನಾಗಿತ್ತು. ಕರು ಸುಸೂತ್ರವಾಗಿ ಹೊರಬಂದರೂ ಕಸ (ಮಾಸು) ಮರುದಿನದವರೆಗೆ ಬೀಳಲಿಲ್ಲ. ಅನಂತರದ ವಾರಗಳಲ್ಲಿ ರಾಗಿ ಹುಲ್ಲನ್ನು ತಿನ್ನುತ್ತಿತ್ತೇ ಹೊರತು ಹಿಂಡಿಗೆ ಬಾಯಿ ಹಾಕುತ್ತಿರಲಿಲ್ಲ. ಹಾಲು ಮಾತ್ರ ಚೆನ್ನಾಗಿಯೇ ಬರುತ್ತಿತ್ತು, ಡೇರಿಯಲ್ಲಿ ಫ್ಯಾಟ್ ಕೂಡ ಎಂದಿಗಿಂತ ಹೆಚ್ಚಾಗಿತ್ತು. ಬಳಿಕ ಪಕ್ಕೆಲುಬು ಕಾಣುವಷ್ಟು ಇಳಿದುಹೋಯಿತು. ಬೆದೆ ತಡವಾಗಿ, ಅದೂ ಮಂದವಾಗಿ ಕಾಣಿಸಿತು. ಕೃತಕ ಗರ್ಭಧಾರಣೆ ಮಾಡಿಸಿದರೆ ಮೂರು ವಾರಕ್ಕೆ ಮತ್ತೆ ಬೆದೆ. ವೀರ್ಯ ಸರಿಯಿಲ್ಲವೆಂದು ಕೆಲವರು, ಖನಿಜ ಮಿಶ್ರಣದ ಕೊರತೆಯೆಂದು ಕೆಲವರು, ಹಾರ್ಮೋನ್ ಚುಚ್ಚುಮದ್ದು ಕೊಡಿಸಿದರೆ ಸಾಕೆಂದು ಇನ್ನು ಕೆಲವರು ಹೇಳುತ್ತಿದ್ದಾರೆ. ಇನ್ನೊಂದು ಹಸು ಮುಂದಿನ ತಿಂಗಳು ಕರು ಹಾಕಲಿದೆ. ಅದಕ್ಕೂ ಹೀಗಾಗದಂತೆ ಏನು ಮಾಡಬೇಕೆಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಪಶುವೈದ್ಯ, ತುಮಕೂರು

ವೀರ್ಯದ ಮೇಲೆ ಅನುಮಾನಪಡುವ ಮೊದಲು ನೀವೇ ಬರೆದಿರುವ ಸಂಗತಿಗಳನ್ನು, ಅಂದರೆ ಬತ್ತಿದ ಕಾಲದಲ್ಲಿ ಬಂದ ಕೊಬ್ಬು, ಬೀಳದ ಕಸ, ಹಿಂಡಿಯ ಮೇಲಿನ ಬೇಸರ, ಏರಿದ ಫ್ಯಾಟ್, ಇವನ್ನು ಒಟ್ಟಿಗೆ ಇಟ್ಟು ನೋಡಿ. ಇವೆಲ್ಲ ಒಂದೇ ತೊಂದರೆಯ ಬೇರೆ ಬೇರೆ ಮುಖಗಳು.

ಗರ್ಭ ಬಲಿತಂತೆ ಹಸು ಮೇವು ತಿನ್ನುವುದು ಕಡಿಮೆಯಾಗುತ್ತದೆ. ಕೊನೆಯ ಮೂರು ವಾರಗಳಲ್ಲಿ ಇದು ಶೇಕಡಾ 30ರಷ್ಟು ಕುಸಿಯಬಹುದು. ಕರು ಹಾಕಿದ ಮೇಲೆ ಹಾಲು 4ರಿಂದ 8 ವಾರಗಳಲ್ಲಿ ಶಿಖರ ಮುಟ್ಟುತ್ತದೆ, ಆದರೆ ಹಸಿವು ಆ ಮಟ್ಟಕ್ಕೇರಲು 10ರಿಂದ 12 ವಾರ ಬೇಕಾಗುತ್ತದೆ. ನಡುವಣ ಕೊರತೆಯನ್ನು ಹಸು ತನ್ನ ಮೈಯ ಕೊಬ್ಬನ್ನು ಕರಗಿಸಿ ತುಂಬಿಕೊಳ್ಳುತ್ತದೆ. ಸ್ವಲ್ಪ ಕರಗುವುದು ಸಹಜ. ಆದರೆ ಕೊಬ್ಬಿದ ಹಸು ಕರು ಹಾಕಿದ ಮೇಲೆ ಇತರ ಹಸುಗಳಿಗಿಂತ ಕಡಿಮೆ ತಿಂದು ಹೆಚ್ಚು ಕರಗಿಸುತ್ತದೆ. ಕರಗಿದ ಕೊಬ್ಬಿನಾಮ್ಲಗಳೆಲ್ಲ ಯಕೃತ್ತಿಗೆ ನುಗ್ಗಿದಾಗ ಅದು ಅಷ್ಟನ್ನೂ ಉರಿಸಲಾರದೆ ಒಂದು ಭಾಗವನ್ನು ತನ್ನಲ್ಲೇ ಶೇಖರಿಸಿ, ಇನ್ನೊಂದು ಭಾಗವನ್ನು ಕೊಬ್ಬು ಅರೆಬರೆ ಉರಿದಾಗ ಹುಟ್ಟುವ ಕೀಟೋನ್‌ಗಳಾಗಿ ರಕ್ತಕ್ಕೆ ಬಿಡುತ್ತದೆ. ಹುಲ್ಲು ತಿಂದು ಹಿಂಡಿ ಬಿಡುವುದು, ರಕ್ತದಲ್ಲಿ ಕೀಟೋನ್ ಹೆಚ್ಚುವ ಈ ಕಾಯಿಲೆಯ, ಅಂದರೆ ಕೀಟೋಸಿಸ್‌ನ ಹಳೆಯ ಗುರುತು. ಡೇರಿಯಲ್ಲಿ ಹೆಚ್ಚಾಗಿ ಬಂದ ಫ್ಯಾಟ್ ಕೂಡ ಬಹುಪಾಲು ಹಸುವಿನ ಮೈಯಿಂದಲೇ ಇಳಿದದ್ದು. ದರ ಚೆನ್ನಾಗಿ ಸಿಗುವುದರಿಂದ ಆ ದಿನಗಳಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ.

ಇದಕ್ಕೂ ಗಬ್ಬ ನಿಲ್ಲದಿರುವುದಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ರಕ್ತದಲ್ಲಿ ಗ್ಲುಕೋಸ್ ಮತ್ತು ಇನ್ಸುಲಿನ್ ತಗ್ಗಿರುವಾಗ ಮೆದುಳಿನಿಂದ ಅಂಡಾಶಯಕ್ಕೆ ಬರಬೇಕಾದ, ಅಂಡಾಣುವನ್ನು ಬಿಡುಗಡೆ ಮಾಡಿಸುವ ಎಲ್‌.ಎಚ್‌. ಹಾರ್ಮೋನಿನ ಮಿಡಿತ ದುರ್ಬಲವಾಗುತ್ತದೆ. ಬೆದೆ ತಡವಾಗುವುದಕ್ಕೆ ಇದೊಂದು ಕಾರಣ. ಅಂಡಾಣುವನ್ನು ಹೊತ್ತ ಗುಳ್ಳೆ ಬೆಳೆಯತೊಡಗಿ ಪೂರ್ತಿ ಬಲಿಯಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆಯಾದ್ದರಿಂದ, ಮೂರನೇ ತಿಂಗಳಿನಲ್ಲಿ ಬಿಡುಗಡೆಯಾಗುವ ಅಂಡಾಣು ಹಸು ಸೊರಗುತ್ತಿದ್ದ ದಿನಗಳಲ್ಲಿಯೇ ಬೆಳೆದದ್ದಾಗಿರುತ್ತದೆ. ಇವುಗಳ ಜೊತೆಗೆ, ಕರು ಹಾಕುವ ಆಸುಪಾಸಿನಲ್ಲಿ ಬಿಳಿ ರಕ್ತಕಣಗಳ ಶಕ್ತಿ ಕುಂದಿದರೆ ಕಸ ಸಕಾಲಕ್ಕೆ ಬಿಡುವುದಿಲ್ಲ, ಗರ್ಭಕೋಶದ ಸೋಂಕೂ ಬೇಗ ವಾಸಿಯಾಗುವುದಿಲ್ಲ.

ಅತ್ಯಂತ ಬೇಸರದ ಸಂಗತಿಯೆಂದರೆ ಇದು ತನ್ನನ್ನು ತಾನೇ ಮುಂದುವರಿಸಿಕೊಳ್ಳುವ ಸುಳಿ. ಗಬ್ಬ ತಡವಾದರೆ ಹಸು ಕಡಿಮೆ ಹಾಲು ಕೊಡುತ್ತ ಹೆಚ್ಚು ಕಾಲ ನಿಂತು ಕೊಬ್ಬುತ್ತದೆ, ಕೊಬ್ಬಿದ್ದು ಕರು ಹಾಕಿದ ಮೇಲೆ ಸೊರಗುತ್ತದೆ, ಸೊರಗಿದ್ದಕ್ಕೆ ಮತ್ತೆ ಗಬ್ಬ ತಡವಾಗುತ್ತದೆ. ನಿಮ್ಮ ಹಸು ಈಗ ಎರಡನೇ ಸುತ್ತಿನಲ್ಲಿದೆ.

ಉತ್ತರ: ಹಾಸನದ ರೈತ ಮಹಿಳೆ

ವೈದ್ಯರು ಹೇಳಿದ್ದು ಸರಿ. ಆದರೂ ಒಂದು ಮಾತನ್ನು ಸೇರಿಸಬೇಕೆನಿಸುತ್ತದೆ. ಬತ್ತಿದ ಹಸುವಿಗೆ ಹಿಂಡಿ ಕಡಿಮೆ ಮಾಡಿ ಎಂದರೆ ನಮ್ಮ ಕಡೆ ಅನೇಕರು ಪೂರ್ತಿ ನಿಲ್ಲಿಸಿ, ಬರೀ ಭತ್ತದ ಹುಲ್ಲು ಹಾಕಿ ಕಟ್ಟಿಬಿಡುತ್ತಾರೆ. ಭತ್ತದ ಹುಲ್ಲಿನಲ್ಲಿ ಸಾರ ಕಡಿಮೆ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೀಗೆ ಬಡಕಲಾಗಿ ಕರು ಹಾಕಿದ ಹಸುವೂ ಬೇಗ ಬೆದೆಗೆ ಬರುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ರಾಗಿ ಹುಲ್ಲು ಸಿಗುವುದೇ ಒಂದು ಭಾಗ್ಯ. ನಾವು ಬತ್ತಿದ ಹಸುಗಳನ್ನು ಬೇರೆ ಸಾಲಿನಲ್ಲಿ ಕಟ್ಟುತ್ತೇವೆ, ಇಲ್ಲದಿದ್ದರೆ ಪಕ್ಕದ ಕರೆಯುವ ಹಸುವಿನ ಪಾಲು ಅವುಗಳ ಬಾಯಿಗೂ ಹೋಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಕರು ಹಾಕಿದ ಹಸುವಿಗೆ ಶಕ್ತಿ ಬರಲೆಂದು ನಮ್ಮ ಮನೆಯಲ್ಲಿ ಬೆಲ್ಲ ತಿನ್ನಿಸುವ ರೂಢಿಯಿದೆ. ಇನ್ನೊಂದು ಹಸುವಿಗೆ ಈಗಿನಿಂದಲೇ ಕ್ಯಾಲ್ಸಿಯಂ ದ್ರಾವಣ ಕುಡಿಸಬೇಕೆಂದೂ ಅಂಗಡಿಯವರು ಹೇಳಿದ್ದಾರೆ. ಇವೆರಡೂ ಸರಿಯೇ?

ಉತ್ತರ: ನಿವೃತ್ತ ಪಶುವೈದ್ಯ, ತುಮಕೂರು

ಬೆಲ್ಲದಿಂದ ಬಾಯಿಗೆ ರುಚಿ ಬಂದು ಹಸು ಒಂದಿಷ್ಟು ಹೆಚ್ಚು ಮೇವು ತಿನ್ನಬಹುದು, ಅಷ್ಟೇ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಅಲ್ಲಿಯೇ ಹುಳಿಸಿ ಆಮ್ಲವಾಗಿಸುತ್ತವೆಯಾದ್ದರಿಂದ ಅದು ಸಕ್ಕರೆಯಾಗಿ ರಕ್ತಕ್ಕೆ ಸೇರುವುದು ತೀರ ಕಡಿಮೆ. ಅತಿಯಾದರೆ ಹೊಟ್ಟೆಯೇ ಕೆಡುತ್ತದೆ. ಕೀಟೋಸಿಸ್ ಇರುವುದು ಖಚಿತವಾದರೆ ದಿನಕ್ಕೆ 300 ಮಿ.ಲೀ. ಪ್ರೊಪಿಲೀನ್ ಗ್ಲೈಕಾಲ್ ಅನ್ನು ಕೆಲವು ದಿನ ವೈದ್ಯರ ಸಲಹೆಯಂತೆ ಕುಡಿಸುವುದು ಹೆಚ್ಚು ಫಲಕಾರಿ, ಏಕೆಂದರೆ ಅದರಿಂದ ಯಕೃತ್ತು ನೇರವಾಗಿ ಗ್ಲುಕೋಸ್ ತಯಾರಿಸಿಕೊಳ್ಳಬಲ್ಲದು.

ಕರು ಹಾಕುವ ಮೊದಲೇ ವಾರಗಟ್ಟಲೆ ಕ್ಯಾಲ್ಸಿಯಂ ಕುಡಿಸಿದರೆ ಹಾಲು ಜ್ವರ (ಕರು ಹಾಕಿದಾಗ ರಕ್ತದ ಕ್ಯಾಲ್ಸಿಯಂ ಕುಸಿದು ಬರುವ ಕಾಯಿಲೆ) ತಡೆಯಬಹುದೆಂಬ ನಂಬಿಕೆ ಬಲವಾಗಿದೆ, ಆದರೆ ಆಗುವುದು ಅದಕ್ಕೆ ವಿರುದ್ಧ. ಹತ್ತು ಲೀಟರ್ ಗಿಣ್ಣು ಹಾಲಿನಲ್ಲಿ 20 ಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಹೊರಹೋಗುತ್ತದೆ. ರಕ್ತದಲ್ಲಿ ಒಂದು ಹೊತ್ತಿಗೆ ಇರುವುದು ಕೆಲವೇ ಗ್ರಾಂ. ಉಳಿದದ್ದನ್ನು ಮೂಳೆಯಿಂದ ಸೆಳೆಯಲು ಮತ್ತು ಕರುಳಿನಿಂದ ಹೀರಲು ಹಸುವಿನ ದೇಹ ಮೊದಲೇ ಸಜ್ಜಾಗಿರಬೇಕು. ಹೊರಗಿನಿಂದ ಧಾರಾಳವಾಗಿ ಬರುತ್ತಿದ್ದರೆ ಆ ವ್ಯವಸ್ಥೆ ಮಂಕಾಗುತ್ತದೆ. ಆದ್ದರಿಂದ ದ್ರಾವಣವನ್ನು ಕರು ಹಾಕಿದ ದಿನದಿಂದ ಕೊಡಿ. ಕ್ಯಾಲ್ಸಿಯಂ ಹೆಚ್ಚಿರುವ ಕುದುರೆ ಮಸಾಲೆ (ಲೂಸರ್ನ್) ಮೇವನ್ನೂ ಅಲ್ಲಿಯವರೆಗೆ ದೂರವಿಡಿ. ಖನಿಜ ಮಿಶ್ರಣ ನಿಲ್ಲಿಸಬೇಕಿಲ್ಲ.

ಎರಡನೇ ಹಸುವನ್ನು ಈಗಲೇ ಹಿಂದಿನಿಂದ ನೋಡಿ. ಒಂದರಿಂದ (ತೀರ ಬಡಕಲು) ಐದರವರೆಗಿನ (ತೀರ ಕೊಬ್ಬು) ಮೈಕಟ್ಟಿನ ಅಂಕದಲ್ಲಿ ಕರು ಹಾಕುವಾಗ 3ರಿಂದ 3.5 ಇರಬೇಕು, ಬಾಲದ ಬುಡದ ಗುಂಡಿಗಳು ಕೊಬ್ಬಿನಿಂದ ಮುಚ್ಚಿಹೋಗಿದ್ದರೆ ಅದು 4ರ ಸಮೀಪದಲ್ಲಿದೆ ಎಂದು ತಿಳಿಯಿರಿ. ಆದರೆ ಈ ಹಂತದಲ್ಲಿ ಅದನ್ನು ಇಳಿಸಲು ಹೋಗಬಾರದು, ಕೊಬ್ಬು ಕರಗುವುದು ಆಗಲೇ ಆರಂಭವಾಗಿಬಿಡುತ್ತದೆ. ಒಣಹುಲ್ಲನ್ನು ಹೊಟ್ಟೆ ತುಂಬ ಕೊಟ್ಟು, ಕೊನೆಯ ಮೂರು ವಾರಗಳಲ್ಲಿ ಹಿಂಡಿಯನ್ನು ಸ್ವಲ್ಪ ಸ್ವಲ್ಪವಾಗಿ ಎರಡು ಮೂರು ಕಿಲೋವರೆಗೆ ಏರಿಸಿ. ಕರು ಹಾಕಿದ ಮೊದಲ ಎರಡು ವಾರಗಳೊಳಗೆ ಮೂತ್ರವನ್ನು ಪಶು ಆಸ್ಪತ್ರೆಗೆ ಒಯ್ದು ರೋಥೆರಾ ಪರೀಕ್ಷೆ ಮಾಡಿಸಿ. ಕೀಟೋನ್ ಇದ್ದರೆ ನೇರಳೆ ಬಣ್ಣ ಬರುತ್ತದೆ. ರಕ್ತದ ಕೀಟೋನ್ ಅಳೆಯುವ ಮೀಟರ್ ಇದ್ದಲ್ಲಿ, ಅದು ಲೀಟರಿಗೆ 1.2 ಮಿಲಿಮೋಲ್ ದಾಟಿದರೆ, ಹಸು ಹೊರನೋಟಕ್ಕೆ ಚೆನ್ನಾಗಿದ್ದರೂ, ಚಿಕಿತ್ಸೆ ಆರಂಭಿಸುವುದು ಒಳ್ಳೆಯದು.

ಈಗಿನ ಹಸುವಿನ ವಿಷಯದಲ್ಲಿ, ಹಾರ್ಮೋನ್ ಕೊಡಿಸುವ ಮೊದಲು ಗರ್ಭಕೋಶದಲ್ಲಿ ಸೋಂಕು ಉಳಿದಿದೆಯೇ ಎಂದು ಪರೀಕ್ಷಿಸಿ. ಬೆದೆಯ ಲೋಳೆ ಗಾಜಿನಂತೆ ತಿಳಿಯಾಗಿರಬೇಕು. ಕೀವಿನ ಎಳೆ ಕಂಡರೆ ಆ ಸಲ ಗರ್ಭಧಾರಣೆ ಮಾಡಿಸದೆ ಚಿಕಿತ್ಸೆ ಮಾಡಿಸಿ. ಮೈ ಕಟ್ಟಿಕೊಳ್ಳತೊಡಗಿದ ಮೇಲೆ ಕೊಟ್ಟ ಹಾರ್ಮೋನ್ ಫಲಿಸುವಷ್ಟು ಸೊರಗುತ್ತಿರುವಾಗ ಕೊಟ್ಟದ್ದು ಫಲಿಸುವುದಿಲ್ಲ. ಗಬ್ಬ ನಿಂತ ಮೇಲೆ ಹಾಲು ಇಳಿದಂತೆಲ್ಲ ಹಿಂಡಿಯನ್ನೂ ಇಳಿಸುತ್ತ ಬನ್ನಿ, ಹಾಲು ಬತ್ತಿಸುವ ಹೊತ್ತಿಗೆ ಮೈಕಟ್ಟು ಮೂರೂವರೆ ದಾಟದಿರಲಿ.