ಆಕ್ಸಿಡೆಂಟ್ ಕೇಸಿಗೆ ಫೈನ್ ಕಟ್ಟಿದರೆ ಮುಗಿಯಿತಾ? ವಕೀಲರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ತುಮಕೂರಿನಿಂದ): ಮೇಡಂ, ನಮಸ್ಕಾರ. ಹೋದ ತಿಂಗಳು ನನ್ನ ಕಾರು ಒಬ್ಬರ ಬೈಕಿಗೆ ತಾಗಿ ಅವರ ಕೈ ಮೂಳೆ ಮುರೀತು. ಆಸ್ಪತ್ರೆಗೆ ಸೇರಿಸಿದ್ದೂ ನಾನೇ. ಈಗ ಸ್ಟೇಷನ್ನಿಂದ ನೋಟಿಸ್ ಬಂದಿದೆ. ಎಫ್‌ಐಆರ್‌ನಲ್ಲಿ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 281, 125(ಎ) ಅಂತ ಹಾಕಿದ್ದಾರೆ. ಗೊತ್ತಿರೋರು "ಕೋರ್ಟಲ್ಲಿ ತಪ್ಪಾಯ್ತು ಅಂತ ಒಪ್ಕೊಂಡು ಸಾವಿರ ರೂಪಾಯಿ ಕಟ್ಟಿ ಬಾ, ಸಿಗ್ನಲ್ ಜಂಪ್ ಫೈನ್ ಇದ್ದ ಹಾಗೆ" ಅಂತಾರೆ. ಪಾಸ್‌ಪೋರ್ಟ್ ರಿನ್ಯೂವಲ್ ಬೇರೆ ಇದೆ. ಏನು ಮಾಡಲಿ?

ವಕೀಲರ ಉತ್ತರ: ಸಿಗ್ನಲ್ ಜಂಪ್ ಇದ್ದ ಹಾಗೆ ಖಂಡಿತ ಅಲ್ಲ. ಈ ಸಲಹೆ ಕೊಡುವವರು ಕೋರ್ಟ್ ಆವರಣದಲ್ಲೇ ಬೇಕಾದಷ್ಟು ಜನ ಸಿಗುತ್ತಾರೆ, ಹುಷಾರು.

ಹೆಲ್ಮೆಟ್, ಸಿಗ್ನಲ್, ನೋ ಪಾರ್ಕಿಂಗ್ ಚಲನ್‌ಗಳಿಗೆ ನೀವು ಕಟ್ಟುವುದು ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ ಪ್ರಕಾರ ರಾಜಿ ದಂಡ. ಕಟ್ಟಿದ ಕೂಡಲೇ ಅದು ಅಲ್ಲಿಗೇ ಮುಗಿಯುತ್ತದೆ, ಕೋರ್ಟ್ ನಿಮ್ಮನ್ನು ಅಪರಾಧಿ ಎಂದು ಕರೆಯುವುದಿಲ್ಲ. 2023ರಲ್ಲಿ, ಮತ್ತೆ 2025ರಲ್ಲಿ ಸರ್ಕಾರ ಅರ್ಧ ರಿಯಾಯಿತಿ ಕೊಟ್ಟಿದ್ದು ಇಂಥ ಬಾಕಿ ಚಲನ್‌ಗಳಿಗೇ. ಎಫ್‌ಐಆರ್‌ಗೆ ಯಾವ ಆಫರ್ರೂ ಬರುವುದಿಲ್ಲ.

ನಿಮ್ಮದು ಕ್ರಿಮಿನಲ್ ಕೇಸು. 2024ರ ಜುಲೈ 1ರಿಂದ ಹಳೆಯ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳಬರು "279 ಕೇಸು" ಅನ್ನುತ್ತಿದ್ದದ್ದೇ ಈಗಿನ 281: ಅಜಾಗರೂಕ ಚಾಲನೆ, 6 ತಿಂಗಳವರೆಗೆ ಜೈಲು ಅಥವಾ 1,000 ರೂ.ವರೆಗೆ ದಂಡ ಅಥವಾ ಎರಡೂ. ನಿಮ್ಮವರು ಆ ಸಾವಿರವನ್ನಷ್ಟೇ ನೋಡಿದ್ದಾರೆ. 125(ಎ) ಸಾಮಾನ್ಯ ಗಾಯಕ್ಕೆ. ಆದರೆ ಮೂಳೆ ಮುರಿದರೆ ಕಾನೂನಿನಲ್ಲಿ ಅದು ತೀವ್ರ ಗಾಯ, ಕಿರುಬೆರಳಿನ ಮೂಳೆಯಾದರೂ ಸರಿ, ಒಂದು ಹಲ್ಲು ಮುರಿದರೂ ಸರಿ. ಆಸ್ಪತ್ರೆಯಿಂದ ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ) ಬಂದ ಮೇಲೆ, ಪೊಲೀಸರು ತನಿಖೆ ಮುಗಿಸಿ ಕೋರ್ಟಿಗೆ ಕೊಡುವ ಚಾರ್ಜ್‌ಶೀಟ್‌ನಲ್ಲಿ 125(ಎ) ಹೋಗಿ 125(ಬಿ) ಕೂರುತ್ತದೆ. ಅದಕ್ಕೆ 3 ವರ್ಷದವರೆಗೆ ಜೈಲು ಅಥವಾ 10,000 ರೂ.ವರೆಗೆ ದಂಡ ಅಥವಾ ಎರಡೂ. ಎಫ್‌ಐಆರ್ ಬರೀ ಆರಂಭ. ನಿಮ್ಮ ಮೇಲೆ ನಿಜವಾಗಿ ಏನಿದೆ ಅಂತ ತಿಳಿಯುವುದು ಚಾರ್ಜ್‌ಶೀಟ್ ನೋಡಿದಾಗಲೇ.

ತಪ್ಪೊಪ್ಪಿಕೊಂಡರೆ ಜಡ್ಜ್ ದಂಡವನ್ನಷ್ಟೇ ಹಾಕಿ ಕಳಿಸಬಹುದು, ಹಾಗೆ ಆಗುವುದೂ ಉಂಟು. ಆದರೂ ದಾಖಲೆಯಲ್ಲಿ ನೀವು ಶಿಕ್ಷೆಯಾದ ವ್ಯಕ್ತಿ. ನಾಳೆ ಸರ್ಕಾರಿ ಕೆಲಸದ ಫಾರಂನಲ್ಲೋ ವೀಸಾ ಅರ್ಜಿಯಲ್ಲೋ "ಶಿಕ್ಷೆಯಾಗಿದೆಯೇ" ಎಂಬ ಕಾಲಂ ಎದುರಾದಾಗ ಆ ಸಾವಿರ ರೂಪಾಯಿಯ ಬೆಲೆ ಗೊತ್ತಾಗುತ್ತದೆ. ಚಾರ್ಜ್‌ಶೀಟ್ ನಕಲು, ಸ್ಥಳ ಮಹಜರ್, ನಕ್ಷೆ, ವಾಹನ ತಪಾಸಣೆ ಮಾಡಿದ ಇನ್‌ಸ್ಪೆಕ್ಟರ್ ವರದಿ, ಇಷ್ಟನ್ನೂ ವಕೀಲರು ಓದುವ ಮುಂಚೆ "ತಪ್ಪಾಯ್ತು" ಅನ್ನಬೇಡಿ. ಬೈಕಿನವರೇ ರಾಂಗ್ ಸೈಡಲ್ಲಿ ಬಂದಿದ್ದು ನಕ್ಷೆಯಲ್ಲೇ ಕಂಡ ಕೇಸುಗಳಿವೆ.

ಪ್ರಶ್ನೆ (ಅವರೇ): ಸ್ಟೇಷನ್ನಿಗೆ ಹೋದರೆ ಅರೆಸ್ಟ್ ಮಾಡ್ತಾರಾ? ಗಾಯಾಳು ರಾಜಿಗೆ ರೆಡಿ ಇದ್ದಾರೆ, ಛಾಪಾ ಕಾಗದದಲ್ಲಿ ಬರೆಸಿಕೊಂಡರೆ ಸಾಕಲ್ವಾ?

ವಕೀಲರ ಉತ್ತರ: ಎರಡೂ ಜಾಮೀನು ಸಿಗುವ ಸೆಕ್ಷನ್‌ಗಳೇ. ಜಾಮೀನು ನಿಮ್ಮ ಹಕ್ಕು, ಯಾರ ಉಪಕಾರವೂ ಅಲ್ಲ. ನಿಮಗೆ ಬಂದಿರುವುದು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 35(3)ರ ನೋಟಿಸ್ ಇರಬೇಕು. ಅದರಲ್ಲಿ ಹೇಳಿದ ದಿನ ಹಾಜರಾಗಿ, ತಪ್ಪಿಸಿಕೊಳ್ಳಬೇಡಿ. ನೋಟಿಸ್ ಪಾಲಿಸುತ್ತಿರುವವರನ್ನು ಬಂಧಿಸಬೇಕಾದರೆ ಪೊಲೀಸರು ಕಾರಣ ಬರೆದಿಡಬೇಕು. ಹೋಗುವಾಗ ಡಿಎಲ್, ಆರ್‌ಸಿ, ಇನ್ಶೂರೆನ್ಸ್ ನಕಲು ಇರಲಿ. ಶ್ಯೂರಿಟಿ ಕೇಳಿದರೆ ಕೋರ್ಟಲ್ಲಿ ನಿಮಗೆ ಜಾಮೀನು ನಿಲ್ಲುವವರ ಹೆಸರಿನ ಪಹಣಿಯೋ ಮನೆ ಪತ್ರವೋ ಬೇಕು. ಹಿಂದಿನ ದಿನ ರಾತ್ರಿ ಹುಡುಕಲು ಹೋಗಬೇಡಿ.

ಛಾಪಾ ಕಾಗದದಿಂದ ಎಫ್‌ಐಆರ್ ಅಳಿಸಿಹೋಗುವುದಿಲ್ಲ. 125(ಬಿ)ಯನ್ನು ಗಾಯಾಳು ಕೋರ್ಟಿನ ಅನುಮತಿ ಪಡೆದು ರಾಜಿ ಮಾಡಿಕೊಳ್ಳಬಹುದು. 281 ಆ ರಾಜಿ ಪಟ್ಟಿಯಲ್ಲೇ ಇಲ್ಲ, ಅದನ್ನು ರದ್ದು ಮಾಡಿಸಲು ಹೈಕೋರ್ಟಿಗೆ ಹೋಗಬೇಕಾಗುತ್ತದೆ. ಪರಿಹಾರದ ಕ್ಲೇಮ್ ಕೇಸು ಬೇರೆಯೇ ದಾರಿಯಲ್ಲಿ ನಡೆಯುತ್ತದೆ. ಹಾಗಾಗಿ ಅಪಘಾತದ ವಿಷಯವನ್ನು ಇನ್ಶೂರೆನ್ಸ್ ಕಂಪನಿಗೆ ಇವತ್ತೇ ಬರೆದು ತಿಳಿಸಿ, ಕೈಗೆ ದುಡ್ಡು ಕೊಟ್ಟರೆ ರಸೀದಿ ಇಟ್ಟುಕೊಳ್ಳಿ.

ಪಾಸ್‌ಪೋರ್ಟ್ ಅರ್ಜಿಯಲ್ಲಿ ಕೇಸನ್ನು ಮುಚ್ಚಿಡಬೇಡಿ, ಮುಚ್ಚಿಟ್ಟರೆ ಅದೇ ಇನ್ನೊಂದು ಅಪರಾಧ. ಕೋರ್ಟಲ್ಲಿ ಕೇಸು ನಡೆಯುತ್ತಿದ್ದರೆ ಅದೇ ಕೋರ್ಟಿನ ಅನುಮತಿ ಪಡೆದು ಮುಂದುವರಿಯಬಹುದು.

ಪ್ರಶ್ನೆ (ಮೈಸೂರಿನಿಂದ): ತಮ್ಮ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದಿದ್ದಾನೆ. ಯಾರಿಗೂ ಪೆಟ್ಟಾಗಿಲ್ಲ. ಆನ್‌ಲೈನಲ್ಲೇ ಕಟ್ಟಬಹುದಾ ಮೇಡಂ?

ವಕೀಲರ ಉತ್ತರ: ಆಗಲ್ಲ. ಕೋರ್ಟಿಗೇ ಹೋಗಬೇಕು. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂಗಿಂತ ಹೆಚ್ಚು ಮದ್ಯದಂಶ ಸಿಕ್ಕರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್. ಮೊದಲ ಸಲಕ್ಕೆ 10,000 ರೂ. ದಂಡ ಅಥವಾ 6 ತಿಂಗಳವರೆಗೆ ಜೈಲು ಅಥವಾ ಎರಡೂ. ಎರಡನೇ ಸಲಕ್ಕೆ ದಂಡ 15,000ಕ್ಕೆ, ಜೈಲು 2 ವರ್ಷದವರೆಗೂ ಏರುತ್ತದೆ. ಡಿಎಲ್ ಅಮಾನತಾಗುವ ಸಂಭವವೂ ಇದೆ. ಪೆಟ್ಟಾಗಿಲ್ಲ ಅನ್ನುವುದು ನಿಮ್ಮ ತಮ್ಮನ ಪುಣ್ಯ, ಕಾನೂನಿಗೆ ಅದರ ಲೆಕ್ಕವಿಲ್ಲ.

ಪ್ರಶ್ನೆ (ಹಾಸನದಿಂದ): ಮಗನಿಗೆ 16. ಟ್ಯೂಷನ್ನಿಗೆ ನಮ್ಮ ಮನೆಯವರ ಸ್ಕೂಟರ್ ತಗೊಂಡು ಹೋಗ್ತಾನೆ, ಎರಡೇ ಕಿಲೋಮೀಟರ್. ಏನಾದರೂ ಆದರೆ ಬಾಲಾಪರಾಧಿ ಅಂತ ಬಿಡ್ತಾರಂತೆ ಹೌದಾ?

ವಕೀಲರ ಉತ್ತರ: ಮಗನ ವಿಚಾರ ಬಾಲನ್ಯಾಯ ಮಂಡಳಿ ನೋಡಿಕೊಳ್ಳುತ್ತದೆ ಅಮ್ಮ, ಕೋರ್ಟಿಗೆ ಬರಬೇಕಾದವರು ನೀವು ಅಥವಾ ನಿಮ್ಮ ಯಜಮಾನರು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ 199ಎ ಪ್ರಕಾರ ಪೋಷಕರಿಗೋ ಗಾಡಿ ಮಾಲೀಕರಿಗೋ 3 ವರ್ಷದವರೆಗೆ ಜೈಲು, ಜೊತೆಗೆ 25,000 ರೂ. ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವವರೆಗೆ ಡಿಎಲ್ ಇಲ್ಲ. ಸೈಕಲ್ ಕೊಡಿಸಿ.

ಪ್ರಶ್ನೆ (ಹುಬ್ಬಳ್ಳಿಯಿಂದ): ಮೇಡಂ, ಹಳೇ ಬೈಕ್ ಮಾರಿ ವರ್ಷ ಆತು. ಚಲನ್ ಎಲ್ಲಾ ಇನ್ನೂ ನನ್ನ ಮೊಬೈಲಿಗೇ ಬರಾಕತ್ತಾವ.

ವಕೀಲರ ಉತ್ತರ: ಚಲನ್ ಬಂದರೆ ಪುಣ್ಯ ಅನ್ನಿ, ಅಪಘಾತದ ಪರಿಹಾರದ ನೋಟಿಸ್ ಬಂದಿಲ್ಲವಲ್ಲ. ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆ ಅವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮಾರಿದ 14 ದಿನದೊಳಗೆ ನೀವು ಆರ್‌ಟಿಒಗೆ ತಿಳಿಸಬೇಕಿತ್ತು. ಕೊಂಡವರನ್ನು ಹಿಡಿದು ಈ ವಾರವೇ ಫಾರಂ 29, 30 ಕೊಟ್ಟು ಹೆಸರು ಬದಲಿಸಿ. ಸಿಗದಿದ್ದರೆ ಮಾರಾಟದ ಕರಾರು, ಹಣ ಬಂದ ಬ್ಯಾಂಕ್ ದಾಖಲೆ ಲಗತ್ತಿಸಿ ಆರ್‌ಟಿಒಗೂ ಸ್ಟೇಷನ್ನಿಗೂ ಅರ್ಜಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.