ವಿಂಚೆಸ್ಟರ್ ಮನೆ: ಮಂಡಿನೋವಿರುವ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಇಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ವಿಂಚೆಸ್ಟರ್ ಮಿಸ್ಟರಿ ಹೌಸ್ ಅನ್ನುವ ಹಳೆಯ, ವಿಚಿತ್ರವಾದ ದೊಡ್ಡ ಮನೆ ತೋರಿಸೋಣ ಅಂತಿದ್ದೇನೆ. ಅಮ್ಮನಿಗೆ ಮಂಡಿನೋವು. ದೆವ್ವದ ಮನೆ ಅಂತ ಬೇರೆ ಹೇಳುತ್ತಾರೆ. ನೋಡಿಬಂದವರು ಅನುಭವ ಹೇಳ್ತೀರಾ?

ಫ್ರೀಮಾಂಟ್‌ನಿಂದ:
ನಮ್ಮತ್ತೆಗೂ ಮಂಡಿನೋವು. ಆದರೂ ಖುಷಿಯಾಗಿ ನೋಡಿದರು. ಒಳಗೆ ಸುಮಾರು ಒಂದು ಗಂಟೆ ಗೈಡ್ ಹಿಂದೆ ನಡೆಯಬೇಕು, ಹತ್ತಿ ಇಳಿಯುವುದು ಜಾಸ್ತಿ. ವೀಲ್‌ಚೇರ್ ಹೋಗುವುದಿಲ್ಲ. ನಿಧಾನವಾಗಿಯಾದರೂ ಮಹಡಿ ಹತ್ತುತ್ತಾರೆ ಅಂದರೆ ಖಂಡಿತ ಕರೆದುಕೊಂಡು ಹೋಗಿ.

ಅಮ್ಮ ಅಲ್ಲಿ ನೋಡಬೇಕಾದದ್ದೇ ಮೆಟ್ಟಿಲು. ಮನೆಯೊಡತಿ ಸಾರಾ ವಿಂಚೆಸ್ಟರ್‌ಗೆ ಸಂಧಿವಾತ ಇತ್ತು. ಕಾಲೆತ್ತಿ ಇಡುವುದು ಕಷ್ಟ ಅಂತ ಎರಡಿಂಚಿನ ಆಸುಪಾಸು ಎತ್ತರದ ಪುಟ್ಟ ಮೆಟ್ಟಿಲು ಮಾಡಿಸಿದ್ದರು. ತಿರುವಿನ ಮೇಲೆ ತಿರುವು, 40ಕ್ಕೂ ಹೆಚ್ಚು ಮೆಟ್ಟಿಲು, ಅಷ್ಟೆಲ್ಲ ಹತ್ತಿದರೂ ಏರಿದ್ದು ಒಂದೇ ಮಹಡಿ! ನಮ್ಮತ್ತೆ ಅಲ್ಲಿ ಕಂಬಿ ಹಿಡಿದು ನಿಂತು, "ಪಾಪ, ಈಯಮ್ಮನಿಗೂ ನನ್ನ ಹಾಗೇ" ಅಂದರು.

ಗಿಡ ಬೆಳೆಸುತ್ತಿದ್ದ ಕೋಣೆಯನ್ನೂ ತಪ್ಪಿಸಬೇಡಿ. ನೆಲದ ಮರದ ಹಲಗೆ ಎತ್ತಿದರೆ ಕೆಳಗೆ ಸತುವಿನ ತಗಡು. ಗಿಡಕ್ಕೆ ಹಾಕಿ ಮಿಕ್ಕ ನೀರು ಅದರ ಮೇಲೆ ಹರಿದು ಕೆಳಗಿನ ತೋಟಕ್ಕೆ ಇಳಿಯುವ ಹಾಗೆ ಮಾಡಿದ್ದಾರೆ. ಎಂಥಾ ತಲೆ ಅಲ್ವಾ!

ಗಂಡನ ಮನೆಯವರ ಕಂಪನಿ ಮಾಡಿದ ಬಂದೂಕಿಗೆ ಸತ್ತವರ ಆತ್ಮಗಳಿಗೆ ಹೆದರಿ ಕಟ್ಟಿಸುತ್ತಲೇ ಹೋದರು ಅನ್ನುವ ಕತೆಗೆ ಗಟ್ಟಿ ಆಧಾರ ಇಲ್ಲ. ಹಸುಗೂಸು ಮಗಳನ್ನು, ಆಮೇಲೆ 1881ರಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸು ಆಕೆ. 1886ರಲ್ಲಿ ತೋಟದ ಮನೆ ಕೊಂಡು, ಅದನ್ನೇ ಬೆಳೆಸಿ ಸುಮಾರು 160 ಕೋಣೆ ಮಾಡಿಸಿದರು. ಅಮ್ಮನಿಗೆ ಮೊದಲೇ ಇಷ್ಟು ಹೇಳಿಬಿಡಿ, ಭಯ ಇರುವುದಿಲ್ಲ.

ಸನಿವೇಲ್‌ನಿಂದ:
ನಮ್ಮಪ್ಪ ಕಟ್ಟಡದ ಕೆಲಸದವರು, ಅವರಿಗಂತೂ ಹಬ್ಬ. ಒಂದು ಮೆಟ್ಟಿಲಸಾಲು ಸೀದಾ ಸೂರಿಗೆ ಹೋಗಿ ನಿಲ್ಲುತ್ತದೆ. ಮೇಲಿನ ಒಂದು ಬಾಗಿಲು ತೆರೆದರೆ ಹೊರಗೆ ಕಾಲಿಡಲು ಜಾಗವೇ ಇಲ್ಲ. 1906ರ ಭೂಕಂಪಕ್ಕೆ ಏಳು ಅಂತಸ್ತಿನ ಗೋಪುರ ಬಿತ್ತು, ಅದನ್ನು ಮತ್ತೆ ಕಟ್ಟಲಿಲ್ಲ. ಇಂಥ ವಿಚಿತ್ರಗಳಲ್ಲಿ ಕೆಲವು ಆಗ ಹಾಗೇ ಬಿಟ್ಟದ್ದರಿಂದ ಆದವು ಅನ್ನುತ್ತಾರೆ. ಅಪ್ಪನೂ ಅದನ್ನೇ ಒಪ್ಪಿದರು. ಆದರೆ ಮೈಸೂರು ಅರಮನೆಯ ವೈಭವ ಹುಡುಕಿಕೊಂಡು ಹೋಗಬೇಡಿ. 1922ರಲ್ಲಿ ಆಕೆ ತೀರಿಕೊಂಡ ಮೇಲೆ ಸಾಮಾನೆಲ್ಲ ಹೊರಗೆ ಹೋಯಿತು. ಎಷ್ಟೋ ಕೋಣೆ ಖಾಲಿ.

ಕ್ಯೂಪರ್ಟಿನೊದಿಂದ:
ವಾರದ ದಿನ ಬೆಳಿಗ್ಗೆ ಹೋಗಿ. ಅಕ್ಟೋಬರ್‌ನಲ್ಲಿ ಹ್ಯಾಲೋವೀನ್ ಗದ್ದಲ, ದೊಡ್ಡವರಿಗೆ ಬೇಡ. ಅಮ್ಮನಿಗೆ ಆಗಲ್ಲ ಅನ್ನಿಸಿದರೆ ಅಪ್ಪ ಒಳಗೆ ಹೋಗಲಿ, ನೀವಿಬ್ಬರೂ ತೋಟ ಸುತ್ತಿ. ಎದುರಿಗೇ ಸಾಂತಾನಾ ರೋ ಅನ್ನುವ ಅಂಗಡಿ, ಹೋಟೆಲುಗಳ ಬೀದಿ ಇದೆ, ಆಮೇಲೆ ಅಲ್ಲಿ ಕೂತು ಕಾಫಿ ಕುಡಿಯಬಹುದು.